ಸುಟ್ಟ ಊರನ್ನು ಮತ್ತೆ ಕಟ್ಟುವವರು: ಜಪಾನಿನ ‘ಶಿರೊಗುಮಿ’ ಚಿತ್ರಗಳನ್ನು ಕುರಿತು

2024ರ ಮಾರ್ಚ್ 10ರಂದು ಲಾಸ್ ಏಂಜಲಿಸ್‌ನ ಆಸ್ಕರ್ ವೇದಿಕೆಯಲ್ಲಿ ಮನ್ನಣೆ ಪಡೆದ ಚಿತ್ರಗಳಲ್ಲಿ ಎರಡನ್ನು ಒಟ್ಟಿಗಿಟ್ಟು ನೋಡಬೇಕು. ಒಂದು, ಅಣುಬಾಂಬು ತಯಾರಿಸಿದ ವಿಜ್ಞಾನಿಯ ಕಥೆ ಹೇಳುವ ‘ಓಪನ್‌ಹೈಮರ್’. ಅದಕ್ಕೆ ಅತ್ಯುತ್ತಮ ಚಿತ್ರವೂ ಸೇರಿ ಏಳು ಪ್ರಶಸ್ತಿಗಳು ಬಂದವು. ಇನ್ನೊಂದು, ಅಣುಬಾಂಬಿನ ಪರೀಕ್ಷೆಯಿಂದ ಕೆರಳಿ ಬೆಳೆದ ಕಡಲ ದೈತ್ಯನ ಕಥೆ ‘ಗಾಡ್ಜಿಲ್ಲಾ ಮೈನಸ್ ಒನ್’. ಅದಕ್ಕೆ ದೃಶ್ಯ ಪರಿಣಾಮಗಳಿಗಾಗಿ ಒಂದು ಪ್ರಶಸ್ತಿ. ಬಾಂಬು ಹಾಕಿದ ದೇಶದ ಚಿತ್ರಕ್ಕೂ ಬಾಂಬು ಉಂಡ ದೇಶದ ಚಿತ್ರಕ್ಕೂ ಒಂದೇ ಸಂಜೆ, ಒಂದೇ ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಅಮೆರಿಕದ ಚಿತ್ರದಲ್ಲಿ ಹಿರೋಷಿಮಾದ ಒಂದು ಬೀದಿಯೂ ಕಾಣುವುದಿಲ್ಲ ಎಂದು ಹಲವರು ಆಗಲೇ ಆಕ್ಷೇಪಿಸಿದ್ದರು. ಅದು ಸರಿಯಾದ ಆಕ್ಷೇಪವೇ. ಆದರೆ ಅದೇ ಪ್ರಶ್ನೆಯನ್ನು ಜಪಾನಿನ ಚಿತ್ರಕ್ಕೂ ಕೇಳಬೇಕಲ್ಲವೆ? ತನ್ನ ಸುಟ್ಟ ಬೀದಿಯನ್ನು ಇಷ್ಟು ಸೊಗಸಾಗಿ ಕಟ್ಟಿ ತೋರಿಸುವ ಕಲೆಯಲ್ಲಿ, ತಾನೇ ಸುಟ್ಟ ಬೀದಿಗಳಿಗೆ ಜಾಗವಿದೆಯೆ?

ಈ ಪ್ರಶ್ನೆಯನ್ನು ಒಂದೇ ಚಿತ್ರಕ್ಕೆ ಕೇಳಿದರೆ ಅನ್ಯಾಯವಾದೀತು. ಹಾಗಾಗಿ ಆ ಚಿತ್ರದ ಹಿಂದಿರುವ ಸ್ಟುಡಿಯೊದ ಇಪ್ಪತ್ತು ವರ್ಷಗಳ ಕೆಲಸವನ್ನು ಮುಂದಿಟ್ಟುಕೊಂಡು ಕೇಳುವುದು ಒಳ್ಳೆಯದು ಎಂದು ನಮಗನಿಸುತ್ತದೆ.

ಬಿಳಿ ತಂಡ

ಟೋಕಿಯೊದ ‘ಶಿರೊಗುಮಿ’ ಸ್ಟುಡಿಯೊ 1974ರಲ್ಲಿ ತಾತ್ಸುವೊ ಶಿಮಾಮುರಾ ಅವರಿಂದ ಆರಂಭವಾಯಿತು. ಶಿರೊಗುಮಿ ಎಂದರೆ ‘ಬಿಳಿ ತಂಡ’. ಜಪಾನಿನ ಶಾಲೆಗಳ ಆಟೋಟದ ದಿನ ಮಕ್ಕಳನ್ನು ಕೆಂಪು ತಂಡ, ಬಿಳಿ ತಂಡ ಎಂದು ವಿಂಗಡಿಸುವ ಪದ್ಧತಿಯಿದೆ. ಆಟದ ಹುಡುಗರ ಹೆಸರಿಟ್ಟುಕೊಂಡ ಈ ಸ್ಟುಡಿಯೊ ಮುಂದೆ ಕಂಪ್ಯೂಟರ್ ಚಿತ್ರಣದಲ್ಲಿ ಜಪಾನಿನ ದೊಡ್ಡ ಹೆಸರುಗಳಲ್ಲಿ ಒಂದಾಯಿತು. 1986ರಲ್ಲಿ ಇಲ್ಲಿಗೆ ಕೆಲಸಕ್ಕೆ ಸೇರಿದ ತಕಾಶಿ ಯಮಝಾಕಿ ಎಂಬ ಯುವಕ ಮುಂದೆ ಇದೇ ಸ್ಟುಡಿಯೊದ ಬಲದಿಂದ ನಿರ್ದೇಶಕರಾದರು. ನಾಗಾನೊ ಪ್ರಾಂತದ ಮತ್ಸುಮೊತೊ ಊರಿನಲ್ಲಿ 1964ರಲ್ಲಿ ಹುಟ್ಟಿದ ಇವರು ಮೊದಲ ಚಿತ್ರ ‘ಜುವೆನೈಲ್’ ಮಾಡಿದ್ದು 2000ದಲ್ಲಿ. ಅಂದಿನಿಂದ ಅವರ ಚಿತ್ರಗಳನ್ನೂ ಶಿರೊಗುಮಿಯನ್ನೂ ಬೇರೆ ಬೇರೆಯಾಗಿ ನೋಡುವುದು ಕಷ್ಟ.

ಇವರ ಕೆಲಸದ ರೀತಿಯೂ ವಿಶಿಷ್ಟವಾದದ್ದು. ಹಾಲಿವುಡ್‌ನಲ್ಲಿ ನಿರ್ದೇಶಕ ಒಂದು ಕಡೆ, ದೃಶ್ಯ ಪರಿಣಾಮದ ಕಂಪನಿಗಳು ಜಗತ್ತಿನ ನಾಲ್ಕು ಮೂಲೆಗಳಲ್ಲಿ. ಒಂದು ಚಿತ್ರಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಜನ. ಶಿರೊಗುಮಿಯಲ್ಲಿ ನಿರ್ದೇಶಕನೇ ಪರಿಣಾಮಗಳ ಮೇಲ್ವಿಚಾರಕ. ಕಂಪ್ಯೂಟರಿನ ಮುಂದೆ ಕುಳಿತ ಹುಡುಗನ ಬೆನ್ನ ಹಿಂದೆ ನಿಂತು, ಅಲೆಯನ್ನು ಇಷ್ಟು ತಗ್ಗಿಸು, ಹೊಗೆಯನ್ನು ಇಷ್ಟು ಏರಿಸು ಎಂದು ಅಲ್ಲೇ ತೀರ್ಮಾನ ಮಾಡಬಹುದು. ‘ಗಾಡ್ಜಿಲ್ಲಾ ಮೈನಸ್ ಒನ್’ ಚಿತ್ರದ 610 ಪರಿಣಾಮದ ಶಾಟುಗಳನ್ನು ಮಾಡಿದವರು ಬರೇ 35 ಮಂದಿ. ಇಡೀ ಚಿತ್ರದ ವೆಚ್ಚ ಒಂದೂವರೆ ಕೋಟಿ ಡಾಲರಿಗಿಂತ ಕಡಿಮೆ ಎಂದು ಯಮಝಾಕಿಯವರೇ ಹೇಳಿದ್ದಾರೆ. ಹಾಲಿವುಡ್‌ನ ಇಂಥ ಚಿತ್ರಗಳ ಲೆಕ್ಕದಲ್ಲಿ ಇದು ಚಿಲ್ಲರೆ ಕಾಸು. ಈ ಅಗ್ಗದ ಬೆಲೆಯನ್ನು ಕೊಂಡಾಡುವವರು ಜಪಾನಿನ ಅನಿಮೇಷನ್ ಉದ್ಯಮದ ಕೆಳಹಂತದ ಕೆಲಸಗಾರರ ದುಡಿಮೆಯ ಗಂಟೆಗಳನ್ನೂ ಸಂಬಳವನ್ನೂ ನೆನಪಿಟ್ಟುಕೊಂಡೇ ಕೊಂಡಾಡಬೇಕು. ಅಗ್ಗ ಎಂಬುದು ಯಾವಾಗಲೂ ಯಾರದೋ ಬೆವರಿನ ಹೆಸರು.

ಚಿತ್ರದ ಕಡಲನ್ನೇ ನೋಡಿ. ಕಂಪ್ಯೂಟರಿಗೆ ಕಡಲು ಗೊತ್ತಿಲ್ಲ. ನೀರನ್ನು ಕೋಟ್ಯಂತರ ಕಣಗಳಾಗಿ ಒಡೆದು, ಪ್ರತಿ ಕಣವೂ ಪಕ್ಕದ ಕಣವನ್ನು ಹೇಗೆ ತಳ್ಳುತ್ತದೆ ಎಂದು ಲೆಕ್ಕ ಹಾಕಬೇಕು. ನೊರೆಗೆ ಒಂದು ಲೆಕ್ಕ, ತುಂತುರಿಗೆ ಇನ್ನೊಂದು. ದೈತ್ಯನ ಬೆನ್ನಿನಿಂದ ಇಳಿಯುವ ನೀರಿಗೆ ಮತ್ತೊಂದು. ತತ್ಸುಜಿ ನೊಜಿಮಾ ಎಂಬ ಇಪ್ಪತ್ತರ ಹರೆಯದ ಹುಡುಗ ನೀರಿನ ಈ ಲೆಕ್ಕಾಚಾರವನ್ನು ಹುಚ್ಚಿನಂತೆ ಹಚ್ಚಿಕೊಂಡಿದ್ದ. ಆಸ್ಕರ್ ಪಡೆದ ನಾಲ್ವರಲ್ಲಿ ಅವನೂ ಒಬ್ಬ. ಉಳಿದವರು ಯಮಝಾಕಿ, ಕಿಯೊಕೊ ಶಿಬುಯಾ, ಮಸಾಕಿ ತಕಾಹಾಶಿ. ದೃಶ್ಯ ಪರಿಣಾಮಗಳಿಗೆ ಆಸ್ಕರ್ ಪಡೆದ ನಿರ್ದೇಶಕರಲ್ಲಿ ಯಮಝಾಕಿ ಎರಡನೆಯವರು. ಮೊದಲನೆಯವರು ‘2001: ಎ ಸ್ಪೇಸ್ ಒಡಿಸ್ಸಿ’ ಮಾಡಿದ ಸ್ಟ್ಯಾನ್ಲಿ ಕುಬ್ರಿಕ್.

ಕುಬ್ರಿಕ್ ಕಂಪ್ಯೂಟರಿಲ್ಲದೆಯೇ ಮುಂದಿನ ಕಾಲವನ್ನು ಕಟ್ಟಿದರು. ಶಿರೊಗುಮಿಯ ದೊಡ್ಡ ಚಿತ್ರಗಳು ಹೆಚ್ಚಾಗಿ ಕಟ್ಟಿರುವುದು ಹಿಂದಿನ ಕಾಲವನ್ನು. ನಮ್ಮ ಗಮನಕ್ಕೆ ಬರಬೇಕಾದ ಮುಖ್ಯ ಸಂಗತಿ ಇದೇ.

ಸಂಜೆಯ ಬೀದಿ

ಉರ್ದು ಕಾವ್ಯದಲ್ಲಿ ‘ಶಹರ್ ಆಶೋಬ್’ ಎಂಬ ಒಂದು ಪ್ರಕಾರವಿದೆ. ಹಾಳಾದ ಊರಿನ ಶೋಕಗೀತ ಎನ್ನಬಹುದು. ಹದಿನೆಂಟನೇ ಶತಮಾನದಲ್ಲಿ ದೆಹಲಿ ಮತ್ತೆ ಮತ್ತೆ ಲೂಟಿಯಾದಾಗ ಸೌದಾ, ಮೀರ್ ಮೊದಲಾದವರು ಇದನ್ನು ಬರೆದರು. 1857ರ ನಂತರ ಇನ್ನೂ ಹಲವರು ಬರೆದರು. ಈ ಪ್ರಕಾರದ ಒಂದು ಲಕ್ಷಣ ನಮಗೆ ಬಹಳ ಮುಖ್ಯವೆನಿಸುತ್ತದೆ. ಅದು ಊರಿನ ಗುಮ್ಮಟಗಳನ್ನು ನೆನೆದು ಅತ್ತು ಸುಮ್ಮನಾಗುವುದಿಲ್ಲ. ಸಿಪಾಯಿ, ಕಾರಕೂನ, ವ್ಯಾಪಾರಿ, ಕುಶಲಕರ್ಮಿ, ಮೌಲವಿ ಹೀಗೆ ಒಂದೊಂದು ಕಸುಬಿನವರ ಪಾಡನ್ನೂ ಪಟ್ಟಿ ಮಾಡಿ ಹೇಳುತ್ತದೆ. ಊರು ಎಂದರೆ ಜನ, ಜನ ಎಂದರೆ ಎಲ್ಲರೂ ಎಂಬ ಲೆಕ್ಕ ಅದರದು. ಕಳೆದುಹೋದ ಊರನ್ನು ಕಟ್ಟುವ ಯಾವುದೇ ಕಲೆಯನ್ನು ಈ ಅಳತೆಗೋಲಿನಿಂದ ಅಳೆಯಬಹುದು. ಪಟ್ಟಿಯಲ್ಲಿ ಯಾರಿದ್ದಾರೆ? ಯಾರಿಲ್ಲ?

ಶಿರೊಗುಮಿ ಕಟ್ಟಿದ ಮೊದಲ ಪ್ರಸಿದ್ಧ ಊರು 2005ರ ‘ಆಲ್ವೇಸ್: ಸನ್‌ಸೆಟ್ ಆನ್ ಥರ್ಡ್ ಸ್ಟ್ರೀಟ್’ ಚಿತ್ರದ್ದು. ರ‍್ಯೊಹೆಯ್ ಸೈಗಾನ್ ಅವರ ಚಿತ್ರಕಥಾಮಾಲೆಯನ್ನು ಆಧರಿಸಿದ ಈ ಚಿತ್ರ 1958ರ ಟೋಕಿಯೊದ ಒಂದು ಗಲ್ಲಿಯಲ್ಲಿ ನಡೆಯುತ್ತದೆ. ಆಗ 333 ಮೀಟರ್ ಎತ್ತರದ ಟೋಕಿಯೊ ಟವರ್ ಇನ್ನೂ ಅರ್ಧ ಕಟ್ಟಿ ನಿಂತಿತ್ತು. ದೊಡ್ಡ ಕಾರು ಕಂಪನಿಯ ಕೆಲಸವೆಂದು ನಂಬಿ ಹಳ್ಳಿಯಿಂದ ರೈಲು ಹತ್ತಿ ಬಂದ ಹುಡುಗಿಗೆ ಸಿಗುವುದು ಒಂದು ಸಣ್ಣ ಗ್ಯಾರೇಜು. ಎದುರಿಗೆ ಬಡ ಬರಹಗಾರನೊಬ್ಬನ ಅಂಗಡಿ. ಟ್ರಾಮು, ಮಂಜುಗಡ್ಡೆ ಹಾಕುವ ಪೆಟ್ಟಿಗೆ, ಬೀದಿಗೆಲ್ಲ ಒಂದೇ ಟೀವಿ. ಇದನ್ನೆಲ್ಲ ಅರ್ಧ ಸೆಟ್ಟಿನಲ್ಲಿ, ಅರ್ಧ ಕಂಪ್ಯೂಟರಿನಲ್ಲಿ ಕಟ್ಟಿ, ಮೇಲೆ ಹೊಂಬಣ್ಣದ ಸಂಜೆ ಬೆಳಕು ಹರಡಿದ್ದಾರೆ. ಜಪಾನಿನ ಜನ ಮುಗಿಬಿದ್ದು ನೋಡಿದರು. 2007ರಲ್ಲೂ 2012ರಲ್ಲೂ ಮುಂದಿನ ಭಾಗಗಳು ಬಂದವು.

ಈ ಚಿತ್ರ ನಮಗೆ ಇಷ್ಟವಾಗುತ್ತದೆ ಎಂದು ಹೇಳಲು ಸಂಕೋಚವಿಲ್ಲ. ಬಡತನದಲ್ಲೂ ಒಬ್ಬರಿಗೊಬ್ಬರು ಆಗುತ್ತಿದ್ದ ಕಾಲದ ಹಂಬಲ ಯಾರಿಗಿಲ್ಲ? ಆದರೆ ಹಂಬಲ ಎಂಬುದು ನೆನಪಿನ ಒಂದು ಆಯ್ಕೆ. ಕೊಳಚೆಯ ವಾಸನೆ ಅದರಲ್ಲಿ ಉಳಿಯುವುದಿಲ್ಲ, ಸಂಜೆಯ ಬೆಳಕು ಮಾತ್ರ ಉಳಿಯುತ್ತದೆ. 1958 ಎಂದರೆ ಯುದ್ಧ ಮುಗಿದು ಹದಿಮೂರೇ ವರ್ಷ. ಈ ಬೀದಿಯಲ್ಲಿ ಯುದ್ಧ ಬರುವುದು ಒಬ್ಬ ವೈದ್ಯನ ಮೂಲಕ. ವಿಮಾನದಾಳಿಯಲ್ಲಿ ಹೆಂಡತಿ ಮಗಳನ್ನು ಕಳೆದುಕೊಂಡ ಆತ ಕುಡಿದು ಮಲಗಿದಾಗ ಅವರಿಬ್ಬರೂ ಮನೆಯಲ್ಲಿ ಕಾದಿದ್ದಂತೆ ಕನಸು ಕಾಣುತ್ತಾನೆ. ಇಡೀ ಚಿತ್ರದಲ್ಲಿ ನಮ್ಮನ್ನು ಹೆಚ್ಚು ಕಲಕುವ ತುಣುಕು ಇದು. ಎಲ್ಲವನ್ನೂ ಮರಳಿ ಕಟ್ಟಬಲ್ಲ ಚಿತ್ರವೊಂದು ಮರಳಿ ಕಟ್ಟಲಾಗದ ಒಂದು ಮನೆಯ ಮುಂದೆ ನಿಂತ ಗಳಿಗೆ ಅದು.

ಸೊನ್ನೆ ಎಂಬ ವಿಮಾನ

2013ರ ಡಿಸೆಂಬರ್ 21ರಂದು ಇದೇ ನಿರ್ದೇಶಕ, ಇದೇ ಸ್ಟುಡಿಯೊದ ‘ದಿ ಎಟರ್ನಲ್ ಝೀರೋ’ ಬಿಡುಗಡೆಯಾಯಿತು. ನವೊಕಿ ಹ್ಯಾಕುತಾ ಅವರ 2006ರ ಕಾದಂಬರಿ ಇದಕ್ಕೆ ಆಧಾರ. ತಮ್ಮ ನಿಜವಾದ ಅಜ್ಜ ಯುದ್ಧದ ಕೊನೆಯಲ್ಲಿ ಆತ್ಮಾಹುತಿ ವಿಮಾನದಳದಲ್ಲಿ ಸತ್ತ ಪೈಲಟ್ ಎಂದು ತಿಳಿದ ಅಕ್ಕ ತಮ್ಮ, ಆತನ ಜೊತೆಗಿದ್ದ ಮುದುಕರನ್ನು ಹುಡುಕಿ ಮಾತಾಡಿಸುತ್ತಾರೆ. ಆತ ಹೇಡಿ ಎನ್ನುತ್ತಾರೆ ಮೊದಲಿಗರು. ಹೆಂಡತಿ ಮಗಳಿಗಾಗಿ ಬದುಕಿ ಮರಳುತ್ತೇನೆ ಎಂದು ಬಾಯಿಬಿಟ್ಟು ಹೇಳುತ್ತಿದ್ದ ಮನುಷ್ಯ ಆತ. ಸಾಯುವುದೇ ಧರ್ಮವಾಗಿದ್ದ ಸೈನ್ಯದಲ್ಲಿ ಅದು ಹೇಡಿತನವಲ್ಲದೆ ಇನ್ನೇನು? ಇಲ್ಲಿಯವರೆಗೆ ಚಿತ್ರ ದಿಟ್ಟವಾಗಿದೆ. ಆದರೆ ಕೊನೆಯಲ್ಲಿ ಆತ ಕೆಟ್ಟ ಎಂಜಿನ್ನಿನ ವಿಮಾನವನ್ನು ಕಿರಿಯನೊಬ್ಬನಿಗೆ ಬಿಟ್ಟುಕೊಟ್ಟು, ಅಂದರೆ ಬದುಕುವ ಅವಕಾಶವನ್ನು ಅವನಿಗೆ ಕೊಟ್ಟು, ತಾನು ಶತ್ರು ಹಡಗಿನ ಮೇಲೆ ಎರಗುತ್ತಾನೆ. ಬದುಕಬೇಕೆಂದವನು ಸತ್ತಾಗಲೇ ಚಿತ್ರದ ಕಣ್ಣಲ್ಲಿ ವೀರನಾಗುತ್ತಾನೆ. ಆ ಕೊನೆಯ ಎರಗುವಿಕೆ ಕಂಪ್ಯೂಟರಿನಲ್ಲಿ ಎಷ್ಟು ಅಂದವಾಗಿ ಮೂಡಿದೆಯೆಂದರೆ, ಅಂದವೇ ವಾದವನ್ನು ಸೋಲಿಸಿಬಿಡುತ್ತದೆ.

ಅಂದಿನ ಪ್ರಧಾನಿ ಶಿಂಜೊ ಅಬೆ ಚಿತ್ರ ನೋಡಿ ಮನ ಕರಗಿತೆಂದರು. ಚಿತ್ರ ಬಿಡುಗಡೆಯಾದ ಐದೇ ದಿನಕ್ಕೆ ಅವರು ಯಾಸುಕುನಿ ದೇವಾಲಯಕ್ಕೆ ಹೋಗಿ ಬಂದಿದ್ದರು. ಯುದ್ಧಾಪರಾಧಿಗಳೂ ಸೇರಿದಂತೆ ಸತ್ತ ಸೈನಿಕರನ್ನು ಪೂಜಿಸುವ ಸ್ಥಳ ಅದು. ಮೂಲ ಕಾದಂಬರಿಯ ಲೇಖಕರು 2014ರ ಫೆಬ್ರವರಿಯಲ್ಲಿ ನಾನ್‌ಜಿಂಗ್ ಹತ್ಯಾಕಾಂಡವೇ ನಡೆದಿಲ್ಲ ಎಂಬ ಅರ್ಥದ ಮಾತಾಡಿದರು. ಆಗ ಅವರು ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಆಡಳಿತ ಮಂಡಳಿಯಲ್ಲಿದ್ದರು. ಇತ್ತ ಹಯಾವೊ ಮಿಯಾಝಾಕಿ ಝೀರೋ ವಿಮಾನದ ಸುತ್ತ ಕಟ್ಟುವ ಇಂಥ ಕಥೆಗಳನ್ನು ಕಟುವಾಗಿ ಟೀಕಿಸಿದರು. ಅವರೂ ಅದೇ ವರ್ಷ ಅದೇ ವಿಮಾನದ ವಿನ್ಯಾಸಕಾರನ ಮೇಲೆ ‘ದಿ ವಿಂಡ್ ರೈಸಸ್’ ಮಾಡಿದ್ದರು. ತನ್ನ ಚಿತ್ರ ಯುದ್ಧವನ್ನು ಹೊಗಳುವುದಿಲ್ಲ, ಅದು ದುರಂತವೆಂದೇ ತೋರಿಸುತ್ತದೆ ಎಂಬುದು ಯಮಝಾಕಿಯವರ ಉತ್ತರ.

ಅವರ ಮಾತನ್ನು ನಾವು ಪ್ರಾಮಾಣಿಕವೆಂದೇ ತೆಗೆದುಕೊಳ್ಳೋಣ. ಆದರೂ ಒಂದು ಸಂಗತಿ ಉಳಿಯುತ್ತದೆ. ಝೀರೋ ವಿಮಾನ ಮೊದಲು ಕಾದಾಡಿದ್ದು ಅಮೆರಿಕದ ಮೇಲಲ್ಲ. 1940ರ ಸೆಪ್ಟೆಂಬರ್ 13ರಂದು ಚೀನಾದ ಚೊಂಗ್‌ಚಿಂಗ್ ನಗರದ ಆಕಾಶದಲ್ಲಿ, ಬಾಂಬರುಗಳಿಗೆ ಬೆಂಗಾವಲಾಗಿ ಹೋದಾಗ. ಆ ನಗರದ ಮೇಲೆ ಜಪಾನು ವರ್ಷಗಟ್ಟಲೆ ಬಾಂಬು ಸುರಿಯಿತು. ಚಿತ್ರದಲ್ಲಿ ಪರ್ಲ್ ಹಾರ್ಬರ್ ಇದೆ, ಮಿಡ್‌ವೇ ಇದೆ, ರಬೌಲ್ ಇದೆ. ಯುದ್ಧ ಎಂದರೆ ಜಪಾನು ಮತ್ತು ಅಮೆರಿಕ ಎಂಬ ಇಬ್ಬರು ಬಲಿಷ್ಠರ ಜಗಳ. ನಡುವೆ ಸಿಕ್ಕ ಏಷ್ಯದ ಜನರಿಗೆ ಒಂದು ಮುಖವೂ ಇಲ್ಲ.

ನಮಗೂ ಇದರಲ್ಲಿ ಒಂದು ಪಾಲಿದೆ. 1942ರ ಮಾರ್ಚಿನಲ್ಲಿ ಅಂಡಮಾನ್ ದ್ವೀಪಗಳನ್ನು ಹಿಡಿದ ಜಪಾನಿ ಸೈನ್ಯ ಅಲ್ಲಿನ ಸೆಲ್ಯುಲರ್ ಜೈಲಿನಲ್ಲಿ ಭಾರತೀಯರನ್ನೇ ಗೂಢಚಾರರೆಂದು ಚಿತ್ರಹಿಂಸೆಗೆ ಗುರಿಮಾಡಿತು. ಪಂಜಾಬಿ ಕವಿಯೂ ವೈದ್ಯರೂ ಆದ ದಿವಾನ್ ಸಿಂಗ್ 1944ರ ಜನವರಿಯಲ್ಲಿ ಹಾಗೆ ಸತ್ತರು. ಅದೇ ತಿಂಗಳ 30ರಂದು ಹೋಂಫ್ರೆಗಂಜ್‌ನಲ್ಲಿ 44 ಮಂದಿಯನ್ನು ಗುಂಡಿಕ್ಕಿ ಕೊಂದರು. ಟೋಕಿಯೊದ ಪ್ರೇಕ್ಷಕನಿಗೆ ಇದು ಗೊತ್ತಿರಬೇಕಿಲ್ಲ ನಿಜ. ಆದರೆ ಝೀರೋವಿನ ರೆಕ್ಕೆಯ ಒಂದೊಂದು ಮೊಳೆಯನ್ನೂ ಸರಿಯಾಗಿ ಕೂರಿಸಿದ ಸ್ಟುಡಿಯೊಗೆ, ಆ ರೆಕ್ಕೆಯ ನೆರಳು ಎಲ್ಲೆಲ್ಲಿ ಬಿತ್ತು ಎಂದು ಹುಡುಕುವುದು ಕಷ್ಟವಿರಲಿಲ್ಲ.

ಇನ್ನೊಂದು ಮಾತನ್ನು ಈ ಪತ್ರಿಕೆಯ ಓದುಗರಲ್ಲಿ ಹೇಳಲೇಬೇಕು. ಆತ್ಮಾಹುತಿ ದಾಳಿ ಎಂದೊಡನೆ ಮುಸಲ್ಮಾನ ಹೆಸರೇ ನೆನಪಾಗುವಂತೆ 2001ರ ನಂತರದ ಸುದ್ದಿಲೋಕ ನಮ್ಮನ್ನು ತಯಾರು ಮಾಡಿದೆ. ಆದರೆ 1944ರ ಅಕ್ಟೋಬರ್‌ನಲ್ಲಿ ಫಿಲಿಪ್ಪೀನ್ಸಿನ ಕಡಲಲ್ಲಿ ಅದನ್ನು ಸೈನ್ಯದ ಪದ್ಧತಿಯಾಗಿ ಬಳಕೆಗೆ ತಂದದ್ದು ಒಂದು ಆಧುನಿಕ ಪ್ರಭುತ್ವ. ಮೂರು ಸಾವಿರಕ್ಕೂ ಹೆಚ್ಚು ಪೈಲಟ್‌ಗಳು ಹಾಗೆ ಸತ್ತರು. ಹಲವರು ಕಾಲೇಜಿನ ಪುಸ್ತಕ ಮುಚ್ಚಿಟ್ಟು ಬಂದ ಹುಡುಗರು. ಇದನ್ನು ಹೇಳುವುದು ನಮ್ಮ ಹೆಗಲಿನ ಭಾರವನ್ನು ಬೇರೆಯವರ ಹೆಗಲಿಗೆ ದಾಟಿಸಲು ಅಲ್ಲ. ‘ಶಹೀದ್’ ಎಂಬ ದೊಡ್ಡ ಮಾತನ್ನು ಹಿಡಿದು ಹುಡುಗರನ್ನು ಸಾಯಲು ಕಳಿಸಿದ ಸಂಘಟನೆಗಳು ನಮ್ಮ ಹೆಸರಿನಲ್ಲೂ ಇದ್ದವು, ಇವೆ. ಟೋಕಿಯೊದಲ್ಲಾಗಲಿ ಬಾಗ್ದಾದಿನಲ್ಲಾಗಲಿ, ಕಳಿಸಿದ ಹಿರಿಯರು ಆ ವಿಮಾನದಲ್ಲಿ, ಆ ಲಾರಿಯಲ್ಲಿ ಕೂರಲಿಲ್ಲ. ಜೀವ ಕೊಟ್ಟವನು ಅಲ್ಲಾಹನಾದರೆ ಅದನ್ನು ಖರ್ಚು ಮಾಡುವ ಹಕ್ಕು ಯಾವ ದಳಪತಿಗೂ ಇಲ್ಲ. ಸಾವನ್ನು ಸುಂದರವಾಗಿಸುವ ಕಲೆಯ ಬಗ್ಗೆ ಮುಸಲ್ಮಾನ ಓದುಗ ಎಲ್ಲರಿಗಿಂತ ಹೆಚ್ಚು ಎಚ್ಚರದಿಂದಿರಬೇಕು ಎಂದು ನಾವು ಹೇಳುವುದು ಇದೇ ಕಾರಣಕ್ಕೆ.

ನೊಬಿತನಿಗಾಗಿ ಅತ್ತವರು

‘ಎಟರ್ನಲ್ ಝೀರೋ’ ಬಂದ ಮರುವರ್ಷವೇ, 2014ರ ಆಗಸ್ಟ್‌ನಲ್ಲಿ, ಶಿರೊಗುಮಿಯ ‘ಸ್ಟ್ಯಾಂಡ್ ಬೈ ಮಿ ಡೋರೇಮಾನ್’ ಬಂತು. ರ‍್ಯೂಇಚಿ ಯಾಗಿ ಮತ್ತು ಯಮಝಾಕಿ ಇದರ ನಿರ್ದೇಶಕರು. ಡೋರೇಮಾನ್ ಯಾರೆಂದು ಕನ್ನಡದ ಮನೆಗಳಲ್ಲಿ ಹೇಳಬೇಕಿಲ್ಲ. ಹಿಂದಿಗೆ ಡಬ್ ಆದ ಈ ನೀಲಿ ಬೆಕ್ಕನ್ನು ನೋಡಿಯೇ ನಮ್ಮ ಎಷ್ಟೋ ಮಕ್ಕಳು ಹಿಂದಿ ಕಲಿತರು. ಬಾಂಗ್ಲಾದೇಶದಲ್ಲಿ ಮಕ್ಕಳು ಬಂಗಾಳಿ ಬಿಟ್ಟು ಹಿಂದಿ ಮಾತಾಡತೊಡಗಿದರೆಂದು 2013ರಲ್ಲಿ ಸರ್ಕಾರ ಇದರ ಪ್ರಸಾರವನ್ನೇ ನಿಲ್ಲಿಸಿತು.

ಕೈಯಲ್ಲಿ ಬರೆದ ಚಪ್ಪಟೆ ಚಿತ್ರವಾಗಿದ್ದ ನೊಬಿತನಿಗೆ ಶಿರೊಗುಮಿ ಮೊದಲ ಬಾರಿ ದುಂಡಗಿನ ಮೈ ಕೊಟ್ಟಿತು. ಅವನ ಮನೆಯ ಚಾಪೆಯ ನೇಯ್ಗೆ, ಕಿಟಕಿಯ ಬೆಳಕು ಎಲ್ಲವೂ ಮುಟ್ಟುವಂತಾಯಿತು. ಕಥೆ ಹೊಸದಲ್ಲ. ಹಳೆಯ ಕಂತುಗಳನ್ನು ಪೋಣಿಸಿದ್ದು. ಆದರೆ ಬೆಕ್ಕು ಹೊರಡುವ ಮುನ್ನ, ಇನ್ನು ನನ್ನ ಚಿಂತೆ ಬೇಡ ಎಂದು ತೋರಿಸಲು ನೊಬಿತ ಒಬ್ಬನೇ ದಾಂಡಿಗ ಜಿಯಾನ್ ಜೊತೆ ಬಡಿದಾಡಿ ಮೈಯೆಲ್ಲ ಗಾಯ ಮಾಡಿಕೊಳ್ಳುತ್ತಾನಲ್ಲ, ಅಲ್ಲಿ ದೊಡ್ಡವರೂ ಕಣ್ಣೊರೆಸಿಕೊಂಡರು.

ಎಲ್ಲಿ ಕಣ್ಣೊರೆಸಿಕೊಂಡರು ಎಂಬುದನ್ನೂ ನೋಡಬೇಕು. 2012ರಲ್ಲಿ ದ್ವೀಪಗಳ ಜಗಳದಿಂದ ಚೀನಾದಲ್ಲಿ ಜಪಾನಿ ಚಿತ್ರಗಳ ಬಿಡುಗಡೆ ನಿಂತುಹೋಗಿತ್ತು. 2015ರ ಮೇ ತಿಂಗಳಲ್ಲಿ ಆ ಬಾಗಿಲು ತೆರೆದದ್ದು ಈ ಚಿತ್ರದಿಂದ. ಅಲ್ಲಿ ಅದುವರೆಗೆ ಬಂದ ಜಪಾನಿ ಚಿತ್ರಗಳಲ್ಲೇ ಅತಿ ಹೆಚ್ಚು ಗಳಿಸಿದ್ದೂ ಇದೇ. ಝೀರೋ ಚಿತ್ರದಲ್ಲಿ ಮುಖವೇ ಇಲ್ಲದವರ ಮೊಮ್ಮಕ್ಕಳು ಅದೇ ಸ್ಟುಡಿಯೊದ ನೊಬಿತನಿಗಾಗಿ ಅತ್ತರು. ಕಲೆ ಗಡಿ ದಾಟುತ್ತದೆ ಎಂಬ ಸವಕಲು ಮಾತನ್ನು ಹೇಳಿ ಇಲ್ಲಿ ತೃಪ್ತಿಪಡಲು ನಮ್ಮಿಂದಾಗದು. ನೊಬಿತ ದಾಟಿದ ಗಡಿಯನ್ನು ಝೀರೋ ಏಕೆ ದಾಟಲಾರದು ಎಂದು ಕೇಳಿಕೊಳ್ಳಬೇಕು. ಅಶಕ್ತನ ಅಳು ಎಲ್ಲರಿಗೂ ಅರ್ಥವಾಗುತ್ತದೆ. ಬಲಿಷ್ಠನ ಅಳು ಅರ್ಥವಾಗಬೇಕಾದರೆ, ಆತ ಮೊದಲು ತಾನು ಯಾರನ್ನು ಅಳಿಸಿದೆ ಎಂದು ಹೇಳಬೇಕಾಗುತ್ತದೆ.

ಎರಡು ಹಡಗುಗಳು

ಇದಾದ ಮೇಲಿನ ಚಿತ್ರಗಳಲ್ಲಿ ಎರಡು ಹಡಗಿನವು. ಬೇಗ ನೋಡಿ ಮುಂದೆ ಹೋಗೋಣ. 2016ರ ‘ಎ ಮ್ಯಾನ್ ಕಾಲ್ಡ್ ಪೈರೇಟ್’ ಕೂಡ ಹ್ಯಾಕುತಾ ಅವರ ಕಾದಂಬರಿಯದೇ ರೂಪಾಂತರ. ತೈಲ ವ್ಯಾಪಾರಿ ಸಾಝೊ ಇದೆಮಿತ್ಸು ಅವರ ಬದುಕು ಇದರ ಮೂಲ. ಇರಾನು 1951ರಲ್ಲಿ ತನ್ನ ತೈಲವನ್ನು ರಾಷ್ಟ್ರೀಕರಿಸಿದಾಗ ಬ್ರಿಟನ್ ಅದನ್ನು ಯಾರೂ ಕೊಳ್ಳದಂತೆ ದಿಗ್ಬಂಧನ ಹಾಕಿತು. ಅದನ್ನು ಲೆಕ್ಕಿಸದೆ 1953ರ ಏಪ್ರಿಲ್‌ನಲ್ಲಿ ಇದೆಮಿತ್ಸುವಿನ ‘ನಿಶ್ಶೊ ಮಾರು’ ಹಡಗು ಅಬಾದಾನ್ ಬಂದರಿಗೆ ಹೋಗಿ ತೈಲ ತುಂಬಿಕೊಂಡು ಬಂತು. ಸೋತ ಏಷ್ಯದ ದೇಶವೊಂದು ಇನ್ನೊಂದು ಏಷ್ಯದ ದೇಶದ ಕೈಹಿಡಿದ ಅಪರೂಪದ ಗಳಿಗೆ ಅದು. ಆದರೆ ಅದಾಗಿ ನಾಲ್ಕೇ ತಿಂಗಳಿಗೆ, ಆಗಸ್ಟ್‌ನಲ್ಲಿ, ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರರು ಸೇರಿ ಮೊಸದ್ದೆಕ್ ಸರ್ಕಾರವನ್ನು ಉರುಳಿಸಿದರು. ಆ ಹೊಡೆತದ ಫಲವನ್ನು ಇರಾನಿನ ಜನ ದಶಕಗಟ್ಟಲೆ ಉಂಡರು. ಚಿತ್ರದ ಕಥೆ ಹಡಗಿನದು, ಬಂದರಿನದಲ್ಲ. ಜಪಾನಿನ ಛಲಕ್ಕೆ ಇರಾನು ಒಂದು ಹಿನ್ನೆಲೆ ಪರದೆಯಷ್ಟೆ.

2019ರ ‘ದಿ ಗ್ರೇಟ್ ವಾರ್ ಆಫ್ ಆರ್ಕಿಮಿಡೀಸ್’ ಇದಕ್ಕಿಂತ ಹರಿತವಾದದ್ದು. 1945ರ ಏಪ್ರಿಲ್ 7ರಂದು ಮಹಾನೌಕೆ ‘ಯಮಾತೊ’ ಮುಳುಗುವ ದೃಶ್ಯವನ್ನು ಮೊದಲಿಗೇ ತೋರಿಸಿ, ಆಮೇಲೆ ಅದನ್ನು ಕಟ್ಟುವುದೇ ಬೇಡ ಎಂದು ಲೆಕ್ಕ ಹಾಕಿ ವಾದಿಸುವ ಗಣಿತದ ಹುಡುಗನ ಕಥೆ ಹೇಳುತ್ತದೆ. ಒಂದು ನೌಕೆಯ ಖರ್ಚಿನ ಲೆಕ್ಕ ತಪ್ಪಾಗಿದೆ ಎಂದು ತೋರಿಸಿದರೆ ಯುದ್ಧವನ್ನೇ ತಡೆಯಬಹುದೆಂಬ ಅವನ ನಂಬಿಕೆ ಮುಗ್ಧವಾದರೂ ಗೌರವಕ್ಕೆ ಅರ್ಹ. ಶಿರೊಗುಮಿ ಯುದ್ಧಯಂತ್ರವನ್ನು ಆರಾಧಿಸುವುದನ್ನು ಬಿಟ್ಟು ಅದರ ಬೆಲೆ ಕೇಳತೊಡಗಿದ್ದು ಇಲ್ಲಿ.

ಸೊನ್ನೆಗಿಂತ ಕೆಳಗೆ

1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬು ಸಿಡಿಸಿದಾಗ ಅದರ ಬೂದಿ ಜಪಾನಿನ ಮೀನುದೋಣಿಯೊಂದರ 23 ಮಂದಿಯ ಮೇಲೆ ಬಿತ್ತು. ಅವರಲ್ಲೊಬ್ಬರು ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅದೇ ನವೆಂಬರ್ 3ರಂದು ಇಶಿರೊ ಹೊಂಡಾ ಅವರ ಮೊದಲ ‘ಗಾಡ್ಜಿಲ್ಲಾ’ ತೆರೆಕಂಡಿತು. ಹೊಂಡಾ ಚೀನಾದಲ್ಲಿ ಸೈನಿಕರಾಗಿದ್ದು, ಮರಳುವಾಗ ಹಿರೋಷಿಮಾದ ಬೂದಿಯನ್ನು ಕಂಡು ಬಂದವರು. ರಬ್ಬರ್ ವೇಷ ತೊಟ್ಟ ನಟ ಆಟಿಕೆ ಟೋಕಿಯೊವನ್ನು ತುಳಿದರೂ ನೋಡುವವರಿಗೆ ನಗು ಬರಲಿಲ್ಲ. ಅವರು ಒಂಬತ್ತು ವರ್ಷದ ಹಿಂದಷ್ಟೇ ನಿಜವಾದ ಬೆಂಕಿ ಕಂಡಿದ್ದರು.

2023ರ ನವೆಂಬರ್ 3ರಂದು ಬಂದ ‘ಮೈನಸ್ ಒನ್’ ಆ ಬೆಂಕಿಯ ಹತ್ತಿರಕ್ಕೇ ಹೋಗುತ್ತದೆ. ಯುದ್ಧದಿಂದ ಸೊನ್ನೆಯಾದ ದೇಶ, ದೈತ್ಯನಿಂದ ಸೊನ್ನೆಗಿಂತಲೂ ಕೆಳಗಿಳಿಯಿತು ಎಂಬುದು ಹೆಸರಿನ ಅರ್ಥ. ಕಥಾನಾಯಕ ಶಿಕಿಶಿಮಾ ಆತ್ಮಾಹುತಿಗೆ ಹೊರಟು, ಎಂಜಿನ್ ಕೆಟ್ಟಿದೆಯೆಂದು ಸುಳ್ಳು ಹೇಳಿ ಓದೊ ದ್ವೀಪದಲ್ಲಿ ಇಳಿದವನು. ಆ ರಾತ್ರಿ ದೈತ್ಯ ಬಂದಾಗ ಗುಂಡು ಹಾರಿಸಲು ಕೈ ಬರಲಿಲ್ಲ, ಜೊತೆಯವರು ಸತ್ತರು. ಊರಿಗೆ ಬಂದರೆ ಊರೇ ಇಲ್ಲ. 1945ರ ಮಾರ್ಚ್ 10ರ ಒಂದೇ ರಾತ್ರಿಯ ದಾಳಿಯಲ್ಲಿ ಟೋಕಿಯೊದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತಿದ್ದರು. ಮಕ್ಕಳನ್ನು ಕಳೆದುಕೊಂಡ ಪಕ್ಕದ ಮನೆಯ ಹೆಂಗಸು, ನಿನ್ನಂಥವರು ಸರಿಯಾಗಿ ಸಾಯದ್ದಕ್ಕೇ ನಮಗೆ ಈ ಗತಿ ಎಂಬಂತೆ ಶಾಪ ಹಾಕುತ್ತಾಳೆ. ಆಮೇಲೆ ಅದೇ ಹೆಂಗಸು ಅವನ ಮನೆ ಸೇರಿದ ಅನಾಥ ಕೂಸಿಗಾಗಿ ಅಕ್ಕಿ ತಂದುಕೊಡುತ್ತಾಳೆ. ಆ ಕೂಸು ಅವನದಲ್ಲ, ಅದನ್ನು ಎತ್ತಿಕೊಂಡು ಬಂದ ನೊರಿಕೊಳದೂ ಅಲ್ಲ. ರಕ್ತ ಸಂಬಂಧವಿಲ್ಲದ ಮೂವರು ಒಂದು ಸಂಸಾರವಾಗುತ್ತಾರೆ. ಕಂಪ್ಯೂಟರಿನ ಕೈವಾಡವಿಲ್ಲದ ಈ ಭಾಗವೇ ಚಿತ್ರದ ಬೆನ್ನೆಲುಬು.

ಗಿಂಝಾ ಪೇಟೆಯ ನಾಶವನ್ನು ಎಲ್ಲರೂ ಹೊಗಳಿದ್ದಾರೆ. 1947ರ ಆ ಪೇಟೆಯನ್ನು ಅಂಗಡಿ ಅಂಗಡಿಯಾಗಿ ಕಟ್ಟಿ, ಆಮೇಲೆ ಕೆಡವಿ, ದೈತ್ಯನ ಬಾಯಿಯ ಬೆಂಕಿಯಿಂದ ಅಣಬೆಯಾಕಾರದ ಮೋಡ ಏಳಿಸುತ್ತಾರೆ. ಕಪ್ಪು ಮಳೆ ಸುರಿಯುತ್ತದೆ. ‘ಆಲ್ವೇಸ್’ ಚಿತ್ರದ ಬೀದಿಯನ್ನು ಅಷ್ಟು ಮಮತೆಯಿಂದ ಕಟ್ಟಿದ ಕೈಗಳೇ ಇದನ್ನು ಕೆಡವಿದ್ದು. ಅದಕ್ಕೇ ಇದು ಹಾಲಿವುಡ್‌ನ ಕಟ್ಟಡ ಕೆಡವುವ ಆಟದಂತೆ ಕಾಣುವುದಿಲ್ಲ.

ಚಿತ್ರದ ನೈತಿಕ ಕೇಂದ್ರ ಮಾತ್ರ ಬೇರೆ ಕಡೆ ಇದೆ. ಸರ್ಕಾರವೂ ಅಮೆರಿಕನ್ನರೂ ಕೈಚೆಲ್ಲಿದಾಗ ನೌಕಾದಳದ ಮಾಜಿ ಸೈನಿಕರು ಸೇರಿ ದೈತ್ಯನನ್ನು ಕಡಲಾಳಕ್ಕೆ ಇಳಿಸುವ ಯೋಜನೆ ಹಾಕುತ್ತಾರೆ. ಯಾರಿಗೂ ಬಲವಂತವಿಲ್ಲ, ಮನೆಗೆ ಹೋಗುವವರು ಹೋಗಬಹುದು ಎನ್ನುತ್ತಾರೆ. ಕೆಲವರು ಎದ್ದು ಹೋಗುತ್ತಾರೆ, ಯಾರೂ ಅವರನ್ನು ಹಂಗಿಸುವುದಿಲ್ಲ. ಯೋಜನೆ ಹಾಕಿದ ನೊದಾ, ನಮ್ಮ ದೇಶ ಜೀವವನ್ನು ತೀರಾ ಅಗ್ಗವಾಗಿ ಕಂಡಿತು ಎನ್ನುತ್ತಾನೆ. ಅನ್ನವಿಲ್ಲದೆ ಸತ್ತ ಸೈನಿಕರು, ಹೊರಬೀಳಲು ವ್ಯವಸ್ಥೆಯೇ ಇಲ್ಲದ ವಿಮಾನಗಳು, ಇವನ್ನೆಲ್ಲ ಎಣಿಸುತ್ತಾನೆ. ಕೊನೆಗೆ ಶಿಕಿಶಿಮಾ ವಿಮಾನವನ್ನು ದೈತ್ಯನ ಬಾಯಿಗೆ ನುಗ್ಗಿಸಿದರೂ ಸಾಯುವುದಿಲ್ಲ. ದ್ವೀಪದಲ್ಲಿ ಅವನಿಂದಾಗಿ ಗೆಳೆಯರನ್ನು ಕಳೆದುಕೊಂಡು ಅವನನ್ನು ದ್ವೇಷಿಸುತ್ತಿದ್ದ ಮೆಕ್ಯಾನಿಕ್ಕೇ ಸೀಟಿನ ಕೆಳಗೆ ಹೊರಚಿಮ್ಮುವ ಯಂತ್ರ ಕೂರಿಸಿ, ಬದುಕು ಎಂದು ಹೇಳಿ ಕಳಿಸಿರುತ್ತಾನೆ. 1954ರ ಚಿತ್ರದಲ್ಲಿ ವಿಜ್ಞಾನಿ ಸೆರಿಝಾವಾ ದೈತ್ಯನೊಂದಿಗೆ ತಾನೂ ಸತ್ತ. 2013ರ ಝೀರೋವಿನಲ್ಲಿ ಮಿಯಾಬೆ ಸತ್ತ. 2023ರಲ್ಲಿ ಶಿಕಿಶಿಮಾ ಬದುಕಿದ. ಒಬ್ಬನೇ ನಿರ್ದೇಶಕ, ಒಂದೇ ಸ್ಟುಡಿಯೊ ಹತ್ತು ವರ್ಷಗಳಲ್ಲಿ ಇಷ್ಟು ದೂರ ನಡೆದದ್ದು ಸಣ್ಣ ಸಂಗತಿಯಲ್ಲ. ತನ್ನ ಹಿಂದಿನ ಚಿತ್ರಕ್ಕೆ ಇನ್ನೊಂದು ಚಿತ್ರದಿಂದಲೇ ಉತ್ತರ ಕೊಡುವ ಕಲಾವಿದರು ಕಡಿಮೆ.

ಪಟ್ಟಿಯಲ್ಲಿಲ್ಲದವರು

ಆದರೂ ಶಹರ್ ಆಶೋಬಿನ ಪಟ್ಟಿ ಹಿಡಿದು ನೋಡಿದರೆ ಖಾಲಿ ಜಾಗಗಳು ಕಾಣುತ್ತವೆ. ಯುದ್ಧ ಮುಗಿದ ಜಪಾನಿನಲ್ಲಿ ಐದಾರು ಲಕ್ಷ ಕೊರಿಯನ್ನರು ಉಳಿದಿದ್ದರು. ಹಲವರು ಗಣಿ, ಕಾರ್ಖಾನೆಗಳಿಗೆ ಎಳೆದು ತರಲ್ಪಟ್ಟವರು. ಹಿರೋಷಿಮಾದಲ್ಲಿ ಸತ್ತವರಲ್ಲೂ ಅವರಿದ್ದರು. ಶಿರೊಗುಮಿಯ ಗಿಂಝಾದಲ್ಲಿ ಅವರಿಲ್ಲ. ಜೀವವನ್ನು ಅಗ್ಗವಾಗಿ ಕಂಡ ದೇಶವೆಂದು ನೊದಾ ಹೇಳಿದಾಗ, ಆತ ಎಣಿಸುವುದು ಜಪಾನಿ ಜೀವಗಳನ್ನು ಮಾತ್ರ.

ಇನ್ನೊಂದು ವಿವರ ನಮ್ಮನ್ನು ಬಹಳ ಕಾಡಿತು. ಚಿತ್ರದ ಕೊನೆಯ ಕಾಳಗದಲ್ಲಿ ಬರುವ ‘ಯುಕಿಕಾಝೆ’ ನಿಜವಾಗಿಯೂ ಇದ್ದ ಹಡಗು. ಯುದ್ಧದ ಹಲವು ದೊಡ್ಡ ಕಾಳಗಗಳನ್ನು ದಾಟಿ ಉಳಿದದ್ದಕ್ಕೆ ಅದನ್ನು ಅದೃಷ್ಟದ ಹಡಗೆಂದು ಕರೆಯುತ್ತಿದ್ದರು. ಚರಿತ್ರೆಯಲ್ಲಿ 1947ರ ಜುಲೈನಲ್ಲಿ ಅದರ ಪಾಲಿಗೆ ಬಂದದ್ದು ಗಾಡ್ಜಿಲ್ಲಾ ಅಲ್ಲ. ಯುದ್ಧ ಪರಿಹಾರವಾಗಿ ಅದನ್ನು ಚೀನಾಕ್ಕೆ ಒಪ್ಪಿಸಲಾಯಿತು. ಚೀನಾದ ನೌಕಾದಳ ಅದಕ್ಕೆ ಬೇರೆ ಹೆಸರಿಟ್ಟು ವರ್ಷಗಟ್ಟಲೆ ಬಳಸಿತು. ನಷ್ಟ ಮಾಡಿದವರು ನಷ್ಟವಾದವರಿಗೆ ತೆತ್ತ ಸಾಲ ಅದು. ಚಿತ್ರ ಅದೇ ವರ್ಷದ ಅದೇ ಹಡಗನ್ನು ತೆಗೆದುಕೊಂಡು ಜಪಾನಿನ ಪುನರ್ಜನ್ಮದ ವಾಹನ ಮಾಡಿಕೊಂಡಿತು. ದೈತ್ಯ ಬಂದದ್ದರಿಂದ ಸಾಲದ ಮಾತು ಮರೆತುಹೋಯಿತು. ರಾಕ್ಷಸನ ಕಥೆಗಳು ಮಾಡುವ ಕೆಲಸ ಕೆಲವೊಮ್ಮೆ ಇದೇ. ದೈತ್ಯನಿಗೆ ದೇಶವಿಲ್ಲ, ಅವನೆದುರು ನಿಂತವರೆಲ್ಲ ನಿರಪರಾಧಿಗಳಾಗುತ್ತಾರೆ.

ಇದನ್ನು ಹೇಳುವಾಗ ಕೈಬೆರಳು ಜಪಾನಿನ ಕಡೆ ಮಾತ್ರ ತೋರಿಸುವುದು ನಮ್ಮ ಉದ್ದೇಶವಲ್ಲ. ಅಮೆರಿಕದ ಚಿತ್ರದಲ್ಲಿ ಹಿರೋಷಿಮಾ ಇಲ್ಲ. ಜಪಾನಿನ ಚಿತ್ರದಲ್ಲಿ ಚೊಂಗ್‌ಚಿಂಗ್ ಇಲ್ಲ. ನಮ್ಮ ದೇಶದಲ್ಲಿ ಕಂಪ್ಯೂಟರಿನ ಬಲದಿಂದ ಕೋಟೆ ಕೊತ್ತಲ ಕಟ್ಟಿ ಚರಿತ್ರೆ ಹೇಳುವ ಚಿತ್ರಗಳಲ್ಲಿ ಯಾರು ಬರೇ ನೆರಳಾಗಿ, ಯಾರು ಬರೇ ಖಳರಾಗಿ ಬರುತ್ತಾರೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮುಸಲ್ಮಾನರಾದ ನಾವು ನಮ್ಮ ಕಳೆದ ನಗರಗಳನ್ನು, ಬಾಗ್ದಾದು, ದೆಹಲಿ, ಕೊರ್ಡೋಬಾಗಳನ್ನು ನೆನೆಯುವಾಗಲೂ ಆ ಊರುಗಳ ಗುಲಾಮರು, ಕೂಲಿಗಳು, ಬೇರೆ ಧರ್ಮದವರು ನಮ್ಮ ಪಟ್ಟಿಯಲ್ಲಿರುತ್ತಾರೆಯೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಚಿತ್ರ ಮಾಡುವವನ ಬಗ್ಗೆ ನಮ್ಮ ಪರಂಪರೆಯಲ್ಲಿ ಒಂದು ಅಳುಕು ಹಿಂದಿನಿಂದಲೂ ಇದೆ. ತಾನು ಮಾಡಿದ ರೂಪಕ್ಕೆ ಜೀವ ತುಂಬು ಎಂದು ಅಂತ್ಯದಿನದಲ್ಲಿ ಅವನನ್ನು ಕೇಳಲಾಗುತ್ತದೆ ಎನ್ನುತ್ತಾರೆ. ಇದನ್ನು ಬರೇ ನಿಷೇಧವೆಂದು ಓದುವವರಿದ್ದಾರೆ. ನಾವಿಲ್ಲಿ ಇದನ್ನು ಹೊಣೆಗಾರಿಕೆಯ ಮಾತಾಗಿ ಓದುತ್ತೇವೆ. ರಬ್ಬರ್ ವೇಷ, ಆಟಿಕೆ ಮನೆಗಳ ಕಾಲದಲ್ಲಿ ಎಲ್ಲವನ್ನೂ ತೋರಿಸಲು ಆಗುತ್ತಿರಲಿಲ್ಲ. ಬಿಟ್ಟದ್ದಕ್ಕೆ ಬಡತನದ ಕಾರಣ ಹೇಳಬಹುದಿತ್ತು. ಈಗ 35 ಮಂದಿ ಒಂದು ಕೋಣೆಯಲ್ಲಿ ಕುಳಿತು ಕಡಲನ್ನೇ ಮಾಡಬಲ್ಲರು, ಕಾಣೆಯಾದ ಪೇಟೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಮರಳಿಸಬಲ್ಲರು. ಏನನ್ನಾದರೂ ಮಾಡಬಲ್ಲವರು ಬಿಟ್ಟದ್ದು ಕೊರತೆಯಲ್ಲ, ಆಯ್ಕೆ.

ಆಸ್ಕರ್ ಗೆದ್ದ ಮೇಲೆ ಯಮಝಾಕಿ, ‘ಓಪನ್‌ಹೈಮರ್’ ಚಿತ್ರಕ್ಕೆ ಜಪಾನಿನವರೊಬ್ಬರು ಉತ್ತರವಾಗಿ ಚಿತ್ರ ಮಾಡಬೇಕು, ತನಗೂ ಆ ಆಸೆಯಿದೆ ಎಂಬ ಮಾತಾಡಿದ್ದಾರೆ. ‘ಗಾಡ್ಜಿಲ್ಲಾ ಮೈನಸ್ ಝೀರೋ’ ಎಂಬ ಮುಂದಿನ ಚಿತ್ರದ ಹೆಸರೂ 2025ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಹೇಡಿಯೆನಿಸಿಕೊಂಡವನು ಬದುಕಲಿ ಎಂದು ಹೇಳುವಷ್ಟು ದೂರ ಬಂದ ಸ್ಟುಡಿಯೊ ಇದು. ಅಮೆರಿಕಕ್ಕೆ ಉತ್ತರ ಹೇಳುವ ಚಿತ್ರವನ್ನು ಅದು ಮಾಡಲಿ, ಹಿರೋಷಿಮಾದ ಬೀದಿಗಳನ್ನು ಜಗತ್ತಿಗೆ ತೋರಿಸಲಿ. ಆ ಬೀದಿಗಳಲ್ಲಿ ಕೊರಿಯಾದ ಕೂಲಿಯೊಬ್ಬನೂ ನಡೆದುಹೋದರೆ, ಬೇರೆ ಯಾವ ಪ್ರಶಸ್ತಿಗಿಂತಲೂ ಅದು ದೊಡ್ಡದೆಂದು ನಾವು ತಿಳಿಯುತ್ತೇವೆ.